ಮರ ಹಿಂದಕ್ಕೆ ಹಾರುವುದೇಕೆ? – ಟೇಬಲ್ ಗರಗಸದ ಸುರಕ್ಷತಾ ಪಾಠ: ಒಂದು ಅವಲೋಕನ

ಬಡಗಿ ವೃತ್ತಿಯ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠ ಯೋಜನೆಗಳಲ್ಲಿ ಸುರಕ್ಷತೆಗೆಂದೇ ಒಂದು ಅಂಕಣವಿರುತ್ತದೆ. ಟೇಬಲ್ ಗರಗಸದ ಪಾಠವಾದರೆ ಆ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಓದುವುದು ಇಷ್ಟು: ‘ಎಚ್ಚರಿಕೆಯಿಂದ ಕೆಲಸ ಮಾಡಬೇಕು. ಕೈ ಬ್ಲೇಡಿಗೆ ತಾಗದಂತೆ ನೋಡಿಕೊಳ್ಳಬೇಕು. ಕನ್ನಡಕ ಧರಿಸಬೇಕು.’ ಮೂರೂ ಸರಿಯಾದ ಮಾತುಗಳೇ. ಆದರೆ ಇವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಮುಖ್ಯವಾದ ಒಂದು ಸಂಗತಿ ತಿಳಿದಿರುವುದಿಲ್ಲ. ತಾನು ಮುಂದಕ್ಕೆ ತಳ್ಳುತ್ತಿರುವ ಹಲಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನ ಹೊಟ್ಟೆಯ ಕಡೆಗೇ ಹಾರಿ ಬರಬಹುದು. ಹಾಗೆ ಹಾರುವಾಗ ಅದನ್ನು ಹಿಡಿದಿದ್ದ ಕೈಯನ್ನೂ ಬ್ಲೇಡಿನ ಮೇಲೆ ಎಳೆದುಬಿಡಬಹುದು. ಕಾರ್ಯಾಗಾರದಲ್ಲಿ ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. ಮರ ಒದೆಯುವುದು ಎಂದರೂ ಅರ್ಥವಾಗುತ್ತದೆ.

ಎಚ್ಚರಿಕೆಯಿಂದಿರಿ ಎಂದು ಹೇಳುವುದು ಸೂಚನೆ, ಪಾಠವಲ್ಲ. ಯಾವುದರಿಂದ ಎಚ್ಚರ, ಅದು ಏಕೆ ಆಗುತ್ತದೆ, ಆಗದಂತೆ ಮೊದಲೇ ಏನು ಮಾಡಬೇಕು ಎಂಬುದು ಪಾಠ. ಈ ವ್ಯತ್ಯಾಸ ಚೆನ್ನಾಗಿ ಕಂಡದ್ದು ಈ ಸಾಲಿನ ಅಭ್ಯಾಸ ಬೋಧನೆಯಲ್ಲಿ ನಾನು ಅವಲೋಕಿಸಿದ ಒಂದು ಪಾಠದಲ್ಲಿ. ಅದರ ಹಂತಗಳನ್ನೂ, ಅದರ ಮೌಲ್ಯಮಾಪನದಲ್ಲಿ ಎದ್ದ ಒಂದು ಪ್ರಶ್ನೆಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಪಾಠದ ಚೌಕಟ್ಟು

ವಿಷಯ: ಟೇಬಲ್ ಗರಗಸದಲ್ಲಿ ಹಲಗೆಯನ್ನು ಉದ್ದಕ್ಕೆ ಸೀಳುವುದು – ಸುರಕ್ಷತೆ. ಅವಧಿ: ಎರಡು ಪೀರಿಯಡ್, ಒಟ್ಟು 90 ನಿಮಿಷ. ತರಗತಿ: ಮೊದಲ ವರ್ಷದ 18 ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿರಲಿಲ್ಲ. ವಿಧಾನ: ನಾವು ಬಳಸುವ ನಾಲ್ಕು ಹಂತಗಳು – ತಯಾರಿ, ಪ್ರಸ್ತುತಿ, ಅನ್ವಯ, ಪರೀಕ್ಷೆ.

ಪ್ರಶಿಕ್ಷಣಾರ್ಥಿ ಬರೆದಿದ್ದ ಉದ್ದೇಶಗಳು ನಾಲ್ಕು. ಪಾಠದ ಕೊನೆಗೆ ವಿದ್ಯಾರ್ಥಿಯು,

1. ಬ್ಲೇಡಿನ ಮುಂಭಾಗದ ಮತ್ತು ಹಿಂಭಾಗದ ಹಲ್ಲುಗಳು ಮರವನ್ನು ಯಾವ ಕಡೆಗೆ ನೂಕುತ್ತವೆ ಎಂದು ತೋರಿಸುತ್ತಾನೆ.
2. ಮರ ಒದೆಯುವ ಮೂರು ಸಂದರ್ಭಗಳನ್ನು ಕಾರಣ ಸಹಿತ ಹೇಳುತ್ತಾನೆ.
3. ಪ್ಲಗ್ ಕಿತ್ತ ಯಂತ್ರದಲ್ಲಿ ರೈವಿಂಗ್ ನೈಫ್, ಗಾರ್ಡ್, ಫೆನ್ಸ್ ಸರಿಯಿವೆಯೇ ಎಂದು ಅಳತೆ ಮಾಡಿ ಪರೀಕ್ಷಿಸುತ್ತಾನೆ.
4. ಯಂತ್ರವನ್ನು ಚಾಲೂ ಮಾಡಬಹುದೇ, ಬಾರದೇ ಎಂದು ನಿರ್ಧರಿಸಿ ಕಾರಣ ಕೊಡುತ್ತಾನೆ.

ನಾಲ್ಕನೆಯ ಉದ್ದೇಶವನ್ನು ಪಾಠ ಯೋಜನೆಗಳಲ್ಲಿ ನಾನು ನೋಡುವುದು ಅಪರೂಪ. ಮುಂದೆ ಬಂದ ಚರ್ಚೆಗೆ ಇದೇ ಮೂಲವಾಯಿತು.

ತಯಾರಿ: ಬೆಣೆಯಿಂದ ಆರಂಭ

ವಿದ್ಯಾರ್ಥಿಗಳು ಆ ಹೊತ್ತಿಗೆ ಕೈಗರಗಸದ ಅಭ್ಯಾಸ ಮುಗಿಸಿದ್ದರು. ಪ್ರಶಿಕ್ಷಣಾರ್ಥಿ ಅಲ್ಲಿಂದಲೇ ಪೂರ್ವಜ್ಞಾನವನ್ನು ಎತ್ತಿಕೊಂಡರು.

“ಉದ್ದದ ಹಲಗೆ ಸೀಳುವಾಗ ಅರ್ಧಕ್ಕೆ ಬಂದ ಮೇಲೆ ಏನಾಗುತ್ತೆ?”

“ಗರಗಸ ಕಚ್ಕೊಳ್ಳುತ್ತೆ ಸಾರ್.”

“ಆಗ ಏನು ಮಾಡ್ತೀರಿ?”

“ಸಂದಿಗೆ ಬೆಣೆ ಹೊಡೀತೀವಿ.”

ಒಬ್ಬ ಹುಡುಗ ಎದ್ದು ನಿಂತು, “ನಮ್ಮಜ್ಜ ಮರ ಕೊಯ್ಯೋರು ಸಾರ್. ದಿಮ್ಮಿ ಮೇಲೊಬ್ರು, ಕೆಳಗೊಬ್ರು. ಕೊಯ್ತಾ ಹೋದ ಹಾಗೆ ಹಿಂದೆ ಬೆಣೆ ಇಡ್ತಾ ಹೋಗೋರಂತೆ,” ಎಂದ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೂಲೆಯಲ್ಲಿ ‘ಬೆಣೆ’ ಎಂದು ಬರೆದು, ಸುತ್ತ ಒಂದು ಗೆರೆ ಎಳೆದು, ವಿವರಿಸದೆ ಹಾಗೆಯೇ ಬಿಟ್ಟರು. ಅರ್ಧ ಗಂಟೆಯ ನಂತರ ಆ ಪದ ಕೆಲಸಕ್ಕೆ ಬಂತು. ಪೂರ್ವಜ್ಞಾನವನ್ನು ಕೇಳಿ ಅಲ್ಲಿಗೇ ಮರೆಯುವ ಪಾಠಗಳೇ ಹೆಚ್ಚು. ಇದು ಹಾಗಾಗಲಿಲ್ಲ.

ಪ್ರಸ್ತುತಿ: ಹಲ್ಲು ಎತ್ತ ನೂಕುತ್ತದೆ?

ಬೋಧನೋಪಕರಣ ತೀರಾ ಸರಳ. 30 ಸೆಂ.ಮೀ. ವ್ಯಾಸದ ಪ್ಲೈವುಡ್ ಚಕ್ರ. ಅದರ ಅಂಚಿಗೆ ಅಂಟಿಸಿದ ಒರಟು ಉಪ್ಪುಕಾಗದ. ತಿರುಗಿಸಲು ಒಂದು ಹಿಡಿ. ರಟ್ಟಿನ ಪೆಟ್ಟಿಗೆಯ ಮೇಲ್ಭಾಗವನ್ನು ಉದ್ದಕ್ಕೆ ಸೀಳಿ ಚಕ್ರದ ಸ್ವಲ್ಪ ಭಾಗ ಮೇಲಕ್ಕೆ ಕಾಣುವಂತೆ ಕೂರಿಸಿದ್ದರು. ಮರದ ಬದಲು ಒಂದು ಸ್ಪಂಜಿನ ತುಂಡು.

ಮೊದಲು ಸ್ಪಂಜನ್ನು ಚಕ್ರದ ಮುಂಭಾಗಕ್ಕೆ, ಅಂದರೆ ಕೆಲಸಗಾರ ನಿಲ್ಲುವ ಬದಿಗೆ ತಾಗಿಸಿದರು. ಚಕ್ರ ತಿರುಗಿದಾಗ ಸ್ಪಂಜು ಮೇಜಿಗೆ ಒತ್ತಿಕೊಂಡಿತು. ಆಮೇಲೆ ಅದೇ ಸ್ಪಂಜನ್ನು ಚಕ್ರದ ಹಿಂಬದಿಗೆ ತಾಗಿಸಿದರು. ಈ ಸಲ ಸ್ಪಂಜು ಮೇಲಕ್ಕೆದ್ದು, ಚಕ್ರದ ನೆತ್ತಿಯ ಮೇಲೆ ಹಾದು, ತಿರುಗಿಸುತ್ತಿದ್ದವರ ಎದೆಗೆ ಬಂದು ಬಿತ್ತು. ತರಗತಿ ನಕ್ಕಿತು. ನಗು ನಿಲ್ಲುವುದನ್ನು ಕಾದು ಅವರು ಕೇಳಿದರು: “ಇದು ಸ್ಪಂಜು. ಎರಡು ಅಡಿ ಉದ್ದದ ಹೊನ್ನೆ ಹಲಗೆ ಆಗಿದ್ದರೆ?”

ಪಾಠದ ತಿರುಳು ಇಲ್ಲಿದೆ. ಟೇಬಲ್ ಗರಗಸದ ಮುಂಭಾಗದ ಹಲ್ಲುಗಳು ಕೆಳಮುಖವಾಗಿ ಇಳಿಯುತ್ತವೆ. ಅವು ಮರವನ್ನು ಮೇಜಿಗೆ ಒತ್ತುತ್ತವೆ. ಕೊಯ್ಯುವ ಕೆಲಸ ನಡೆಯುವುದು ಅಲ್ಲಿಯೇ. ಹಿಂಭಾಗದ ಹಲ್ಲುಗಳು ಮೇಜಿನಿಂದ ಮೇಲಕ್ಕೆ ಏರುತ್ತವೆ, ಏರಿ ಕೆಲಸಗಾರನ ಕಡೆಗೆ ಬರುತ್ತವೆ. ಮರ ಆ ಹಲ್ಲುಗಳಿಗೆ ತಾಗಲೇಬಾರದು. ತಾಗಿ ಸಿಕ್ಕಿಕೊಂಡರೆ ಮೋಟರಿನ ಬಲವೆಲ್ಲ ಮರವನ್ನು ಎತ್ತಿ ಎಸೆಯುವುದಕ್ಕೆ ಹೋಗುತ್ತದೆ. ಕಿಕ್‌ಬ್ಯಾಕ್ ತಡೆಯುವ ನಿಯಮಗಳೆಲ್ಲ ಬಹುಮಟ್ಟಿಗೆ ಈ ಒಂದು ವಾಕ್ಯದಿಂದಲೇ ಹುಟ್ಟುತ್ತವೆ: ಮರ ಹಿಂದಿನ ಹಲ್ಲಿಗೆ ಸಿಗಬಾರದು.

ನಂತರ ಕಪ್ಪುಹಲಗೆಯಲ್ಲಿ ಒಂದು ಲೆಕ್ಕ. ಬ್ಲೇಡಿನ ವ್ಯಾಸ 10 ಅಂಗುಲ, ಅಂದರೆ 254 ಮಿ.ಮೀ. ಸುತ್ತಳತೆ ಸುಮಾರು 0.8 ಮೀಟರ್. ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲು ಒಂದು ನಿಮಿಷದಲ್ಲಿ ಸಾಗುವ ದೂರ ಸುಮಾರು 3200 ಮೀಟರ್. ಸೆಕೆಂಡಿಗೆ 53 ಮೀಟರ್. ಗಂಟೆಗೆ 190 ಕಿಲೋಮೀಟರಿಗೂ ಹೆಚ್ಚು. ಏನೋ ಆಯಿತೆಂದು ತಿಳಿದು ಕೈ ಹಿಂದೆಗೆಯಲು ಮನುಷ್ಯನಿಗೆ ಕಾಲು ಸೆಕೆಂಡ್ ಬೇಕೆಂದು ಇಟ್ಟುಕೊಂಡರೂ ಅಷ್ಟರಲ್ಲಿ ಹಲ್ಲು 13 ಮೀಟರ್ ಸಾಗಿರುತ್ತದೆ. “ಹುಷಾರಾಗಿದ್ದರೆ ಸಾಕು, ಕೈ ತೆಗೀಬಹುದು” ಎಂಬ ನಂಬಿಕೆಗೆ ಈ ಲೆಕ್ಕವೇ ಉತ್ತರ. ತಡೆಯುವ ಕೆಲಸವೆಲ್ಲ ಸ್ವಿಚ್ ಒತ್ತುವ ಮೊದಲೇ ಮುಗಿದಿರಬೇಕು.

ಮೂರು ಸಂದರ್ಭಗಳು

ಒಂದು, ಸಂದು ಮುಚ್ಚಿಕೊಳ್ಳುವುದು. ಮರದೊಳಗೆ ಬಿಗಿತವಿರುತ್ತದೆ. ಓರೆಯಾಗಿ ಬೆಳೆದ ಮರ, ಗಂಟಿನ ಸುತ್ತ ತಿರುಚಿದ ನಾರು, ಅವಸರದಲ್ಲಿ ಒಣಗಿಸಿದ ಹಲಗೆ ಇವುಗಳಲ್ಲಿ ಬಿಗಿತ ಹೆಚ್ಚು. ಸೀಳಿದ ಕೂಡಲೇ ಎರಡು ಸೀಳುಗಳೂ ತಮ್ಮ ಮನಸ್ಸಿಗೆ ಬಂದಂತೆ ಬಾಗುತ್ತವೆ. ಹೊರಕ್ಕೆ ಬಾಗಿದರೆ ಚಿಂತೆಯಿಲ್ಲ. ಒಳಕ್ಕೆ ಬಾಗಿದರೆ ಬ್ಲೇಡಿನ ಹಿಂಭಾಗವನ್ನು ಇಕ್ಕುಳದಂತೆ ಹಿಡಿಯುತ್ತವೆ.

ಎರಡು, ಮರ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಳ್ಳುವುದು. ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿರಬೇಕು. ಹಿಂದಿನ ತುದಿ ಬ್ಲೇಡಿನ ಕಡೆಗೆ ಸ್ವಲ್ಪ ವಾಲಿದ್ದರೂ ಹಲಗೆ ಮುಂದೆ ಹೋದಷ್ಟೂ ಹಿಂದಿನ ಹಲ್ಲಿಗೆ ಒತ್ತಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಪ್ಲಗ್ ಕಿತ್ತು, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅದು ಮುಂದಿರುವಾಗ ಫೆನ್ಸಿಗಿರುವ ದೂರ ಅಳೆಯಬೇಕು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಬೇಕು. ಎರಡು ಅಳತೆಯೂ ಒಂದೇ ಇರಬೇಕು. ಒಂದೇ ಹಲ್ಲನ್ನು ಬಳಸುವುದೇಕೆ ಎಂದು ವಿದ್ಯಾರ್ಥಿಗಳನ್ನೇ ಕೇಳಬಹುದು. ಹಲ್ಲುಗಳು ಆಚೀಚೆ ಚಾಚಿರುವುದನ್ನು ಅವರು ಕೈಗರಗಸದಲ್ಲೇ ಕಂಡಿರುತ್ತಾರೆ.

ಅಡ್ಡ ಕೊಯ್ಯುವಾಗಿನ ಒಂದು ಅಭ್ಯಾಸವೂ ಇದೇ ಗುಂಪಿಗೆ ಸೇರುತ್ತದೆ. ತುಂಡುಗಳೆಲ್ಲ ಒಂದೇ ಅಳತೆಗೆ ಬರಲೆಂದು ಹಲಗೆಯ ಒಂದು ಬದಿಯನ್ನು ಮೈಟರ್ ಗೇಜಿಗೂ ತುದಿಯನ್ನು ಫೆನ್ಸಿಗೂ ಆನಿಸಿ ಕೊಯ್ಯುವವರಿದ್ದಾರೆ. ತುಂಡಾದ ಮರ ಫೆನ್ಸಿಗೂ ಬ್ಲೇಡಿಗೂ ನಡುವೆ ಅನಾಥವಾಗಿ ಉಳಿಯುತ್ತದೆ. ಸ್ವಲ್ಪ ಓರೆಯಾದರೆ ಸಾಕು, ಹಾರುತ್ತದೆ. ಅಳತೆ ಬೇಕಿದ್ದರೆ ಬ್ಲೇಡಿಗಿಂತ ಸಾಕಷ್ಟು ಮುಂಚೆಯೇ ಫೆನ್ಸಿಗೆ ಒಂದು ಮರದ ತುಂಡನ್ನು ಕ್ಲ್ಯಾಂಪ್ ಮಾಡಿ, ಅದಕ್ಕೆ ಹಲಗೆಯನ್ನು ಆನಿಸಿ ಅಳತೆ ಹಿಡಿದು, ಆಮೇಲೆ ತಳ್ಳಬೇಕು. ಆಗ ಕೊಯ್ಯುವ ಜಾಗದಲ್ಲಿ ತುಂಡಿಗೂ ಫೆನ್ಸಿಗೂ ನಡುವೆ ತೆರವಿರುತ್ತದೆ.

ಮೂರು, ಹಲಗೆ ಅಲುಗುವುದು. ಬಾಗಿದ ಹಲಗೆ ಮೇಜಿನ ಮೇಲೆ ತೊಟ್ಟಿಲಿನಂತೆ ತೂಗುತ್ತದೆ. ನೇರವಿಲ್ಲದ ಅಂಚು ಫೆನ್ಸಿಗೆ ಕೂರುವುದಿಲ್ಲ. ಆದ್ದರಿಂದ ಮೊದಲು ಒಂದು ಮುಖ, ಒಂದು ಅಂಚು ಹತ್ತರಿ ಹೊಡೆದು ನೇರವಾಗಬೇಕು. ಫೆನ್ಸಾಗಲೀ ಗೇಜಾಗಲೀ ಇಲ್ಲದೆ ಬರಿಗೈಯಲ್ಲಿ ಗೆರೆ ನೋಡಿಕೊಂಡು ಕೊಯ್ಯುವುದು ಈ ಯಂತ್ರದಲ್ಲಿ ಸರ್ವಥಾ ಇಲ್ಲ.

ಯಂತ್ರದ ಬೆಣೆ

ಮೂರು ಸಂದರ್ಭ ಮುಗಿದ ಮೇಲೆ ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೂಲೆಗೆ ಬೆರಳು ತೋರಿಸಿದರು. “ಕೈಗರಗಸಕ್ಕೆ ನಾವು ಬೆಣೆ ಹೊಡೀತೀವಿ. ತಿರುಗೋ ಬ್ಲೇಡಿನ ಹಿಂದೆ ಬೆಣೆ ಹೊಡೆಯೋಕೆ ಕೈ ಹಾಕಕ್ಕಾಗುತ್ತಾ?” ಆಗದು. ಅದಕ್ಕೇ ಯಂತ್ರವೇ ತನ್ನ ಬೆಣೆಯನ್ನು ಬೆನ್ನ ಹಿಂದೆ ಹೊತ್ತಿರುತ್ತದೆ. ಅದೇ ರೈವಿಂಗ್ ನೈಫ್: ಬ್ಲೇಡಿನ ಹಿಂದೆ, ಅದೇ ಗೆರೆಯಲ್ಲಿ ನಿಂತ ಉಕ್ಕಿನ ತಗಡು. ಬ್ಲೇಡು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಓರೆಯಾದರೆ ಜೊತೆಗೇ ಓರೆಯಾಗುತ್ತದೆ. ಸಂದು ಮುಚ್ಚದಂತೆ ತಡೆಯುತ್ತದೆ. ಹಲಗೆ ಫೆನ್ಸಿನಿಂದ ಸರಿದು ಹಿಂದಿನ ಹಲ್ಲಿಗೆ ಒರಗದಂತೆಯೂ ನೋಡಿಕೊಳ್ಳುತ್ತದೆ. ಹೆಸರು ಕೇಳಿ ಇದೂ ಕೊಯ್ಯುವ ಕತ್ತಿಯೆಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಬೆಣೆ ಎಂದ ಕೂಡಲೇ ಆ ಗೊಂದಲ ಹೋಯಿತು.

ಅಳತೆಗಳು ಮುಖ್ಯ. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚು, ಕೊಯ್ತದ ಸಂದಿಗಿಂತ ಕಡಿಮೆ ಇರಬೇಕು. ತಟ್ಟೆ 2.2 ಮಿ.ಮೀ., ಸಂದು 3.2 ಮಿ.ಮೀ. ಇದ್ದರೆ ಅದು ಇವೆರಡರ ನಡುವೆ ಬರಬೇಕು. ತೀರಾ ತೆಳುವಾದರೆ ಸಂದು ಮುಚ್ಚುತ್ತದೆ. ದಪ್ಪವಾದರೆ ಹಲಗೆಯೇ ಮುಂದೆ ಹೋಗದೆ ಸಿಕ್ಕಿಕೊಳ್ಳುತ್ತದೆ. ಬ್ಲೇಡಿಗೂ ಅದಕ್ಕೂ ನಡುವಿನ ಅಂತರ ಮೇಜಿನ ಮಟ್ಟದಲ್ಲಿ 8 ಮಿ.ಮೀ. ಮೀರಬಾರದೆಂದು ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಸೂಚಿಸುತ್ತದೆ. ಪುಷ್ ಸ್ಟಿಕ್, ಅಂದರೆ ತಳ್ಳುಕೋಲು, ಕನಿಷ್ಠ 450 ಮಿ.ಮೀ. ಉದ್ದವಿರಬೇಕು, ಕೊಯ್ತದ ಕೊನೆಯ 300 ಮಿ.ಮೀ. ಕೈಯಿಂದಲ್ಲ, ಕೋಲಿನಿಂದಲೇ ತಳ್ಳಬೇಕು ಎಂಬುದೂ ಅದೇ ಸಂಸ್ಥೆಯ ಸೂಚನೆ. ಕಲಿಸಲು ಅನುಕೂಲವಾದ ಅಂಕಿಗಳಿವು. ‘ಹತ್ತಿರ’, ‘ಉದ್ದ’ ಎಂಬ ಮಾತುಗಳನ್ನು ವಿದ್ಯಾರ್ಥಿ ಅಳೆಯಲಾರ, ಮಿಲಿಮೀಟರನ್ನು ಅಳೆಯಬಲ್ಲ.

ಬೆರಳು ತಗುಲಿದ ತಕ್ಷಣ ಬ್ಲೇಡ್ ನಿಲ್ಲುವ ಗರಗಸದ ವಿಡಿಯೋ ನೋಡಿದ್ದ ಒಬ್ಬ ವಿದ್ಯಾರ್ಥಿ, ಅಂಥದ್ದಿದ್ದರೆ ಇದೆಲ್ಲ ಬೇಕೇ ಎಂದು ಕೇಳಿದ. ಅಂಥ ಯಂತ್ರ ಮಾರುಕಟ್ಟೆಯಲ್ಲಿದೆ ನಿಜ. ಆದರೆ ಅದು ಗುರುತಿಸುವುದು ಮೈ ತಾಗಿದ್ದನ್ನು, ಮರ ಸಿಕ್ಕಿಕೊಂಡದ್ದನ್ನಲ್ಲ. ಹಾರುವ ಹಲಗೆಗೆ ಅಲ್ಲಿಯೂ ಬೆಣೆಯೇ ಬೇಕು.

ಅನ್ವಯ: ಚಾಲೂ ಆಗದ ಯಂತ್ರ

ಅಭ್ಯಾಸ ಬೋಧನೆ ನಡೆದ ಸಂಸ್ಥೆಯ ಗರಗಸದಲ್ಲಿ ಗಾರ್ಡೂ ಇರಲಿಲ್ಲ, ರೈವಿಂಗ್ ನೈಫೂ ಇರಲಿಲ್ಲ. ಎರಡೂ ಬೀರುವಿನಲ್ಲಿದ್ದವು. ಹಿಂದಿನ ದಿನವೇ ಹೋಗಿ ಯಂತ್ರ ನೋಡಿದ್ದ ಪ್ರಶಿಕ್ಷಣಾರ್ಥಿಗೆ ಇದು ಗೊತ್ತಿತ್ತು. “ಇಷ್ಟು ವರ್ಷ ಹೀಗೇ ನಡೀತಿದೆ, ಏನೂ ಆಗಿಲ್ಲ” ಎಂಬ ಮಾತನ್ನೂ ಅವರು ಕೇಳಿಸಿಕೊಂಡಿದ್ದರು. ಅವರು ವಾದಕ್ಕೆ ನಿಲ್ಲಲಿಲ್ಲ. ಆ ಪರಿಸ್ಥಿತಿಯನ್ನೇ ಅನ್ವಯದ ಹಂತದ ಚಟುವಟಿಕೆಯಾಗಿ ಬದಲಾಯಿಸಿಕೊಂಡರು.

ಪ್ಲಗ್ ಕಿತ್ತು, ಅದು ಎಲ್ಲರ ಕಣ್ಣಿಗೂ ಬೀಳುವಂತೆ ಮೇಜಿನ ಮೇಲೆ ಇಟ್ಟರು. ಮೂರು ಗುಂಪಿಗೆ ಒಂದೊಂದು ತಪಾಸಣಾ ಪಟ್ಟಿ. ಎರಡನೇ ಗುಂಪಿಗೆ ಬೀರುವಿನಲ್ಲಿದ್ದ ರೈವಿಂಗ್ ನೈಫನ್ನೂ, ಈಗಿರುವ ಬ್ಲೇಡಿನಿಂದಲೇ ಕೊಯ್ದ ಒಂದು ಹಳೆಯ ತುಂಡನ್ನೂ ಕೊಟ್ಟು, “ಇದನ್ನು ಈ ಸಂದಿಗೆ ತೂರಿಸಿ ನೋಡಿ” ಎಂದರು. ತೂರಲಿಲ್ಲ. ಯಾವಾಗಲೋ ತೆಳು ಬ್ಲೇಡ್ ಹಾಕಿದ್ದರು. ಯಂತ್ರದ ಜೊತೆ ಬಂದ ಬೆಣೆ ಅದಕ್ಕೆ ದಪ್ಪವಾಗಿತ್ತು. ಬಹುಶಃ ಹಲಗೆ ಸಿಕ್ಕಿಕೊಳ್ಳುತ್ತದೆಂದೇ ಯಾರೋ ಅದನ್ನು ಬಿಚ್ಚಿ ಬೀರುವಿಗೆ ಸೇರಿಸಿರಬೇಕು. ಸುರಕ್ಷತಾ ಭಾಗಗಳು ಕಾರ್ಯಾಗಾರದಲ್ಲಿ ಕಳೆದುಹೋಗುವುದು ಹೆಚ್ಚಾಗಿ ಹೀಗೆ: ಉಡಾಫೆಯಿಂದಲ್ಲ, ಕೆಲಸಕ್ಕೆ ಅಡ್ಡಿಯಾಯಿತೆಂದು. ಅಡ್ಡಿ ಏಕಾಯಿತೆಂದು ಯಾರೂ ಅಳೆದು ನೋಡಿರುವುದಿಲ್ಲ.

“ಹಾಗಾದ್ರೆ ಇವತ್ತು ಮಷಿನ್ ಹಾಕಲ್ವಾ ಸಾರ್?” ಎಂದ ಒಬ್ಬ. ದನಿಯಲ್ಲಿ ನಿರಾಸೆಯಿತ್ತು.

“ಹಾಕಲ್ಲ. ಯಾಕೆ ಅಂತ ನೀವೇ ಹೇಳಿ.”

ಹೇಳಿದರು. ಮೂರೂ ಗುಂಪಿನವರು ತಮ್ಮ ಪಟ್ಟಿಯಿಂದಲೇ ಕಾರಣ ಓದಿದರು.

ಉಳಿದ ಸಮಯದಲ್ಲಿ ಬ್ಲೇಡನ್ನು ಮೇಜಿನ ಕೆಳಗೆ ಪೂರ್ತಿ ಇಳಿಸಿ ಒಣ ಅಭ್ಯಾಸ ನಡೆಯಿತು. ಬ್ಲೇಡಿನ ನೇರಕ್ಕೆ ನೆಲದ ಮೇಲೆ ಕೆಂಪು ಸುಣ್ಣದಲ್ಲಿ ಒಂದು ಪಟ್ಟಿ ಬರೆದು, ಕೆಲಸ ಮಾಡುವವನೂ ಸರದಿಗೆ ಕಾಯುವವರೂ ಅದರ ಮೇಲೆ ನಿಲ್ಲುವಂತಿಲ್ಲ ಎಂದರು. ಫೆನ್ಸ್ ಬಲಕ್ಕಿದ್ದರಿಂದ ವಿದ್ಯಾರ್ಥಿ ಪಟ್ಟಿಯ ಎಡಕ್ಕೆ ನಿಂತ. ಮೇಜಿನ ಮೇಲೆ ಬ್ಲೇಡಿಗೆ 300 ಮಿ.ಮೀ. ಮುಂಚೆ ಒಂದು ಗೆರೆ: ಹಲಗೆಯ ಹಿಂತುದಿ ಆ ಗೆರೆ ಮುಟ್ಟಿದಾಗ ಕೈ ಬಿಟ್ಟು ಕೋಲು ಹಿಡಿಯಬೇಕು. ತಳ್ಳುವ ಬಲ ಬೀಳಬೇಕಾದದ್ದು ಬ್ಲೇಡಿಗೂ ಫೆನ್ಸಿಗೂ ನಡುವಿನ ಭಾಗದ ಮೇಲೆ. ಅದು ಬ್ಲೇಡನ್ನು ಪೂರ್ತಿ ದಾಟುವವರೆಗೆ ನಿಲ್ಲಿಸುವಂತಿಲ್ಲ. ಹಲಗೆ ನಡುವೆ ಬಿಗಿಯಾದರೆ ಹಿಂದಕ್ಕೆ ಎಳೆಯಬಾರದು. ಅಲ್ಲಿಯೇ ಒತ್ತಿ ಹಿಡಿದು, ಮೊಣಕಾಲಿನಿಂದ ಸ್ವಿಚ್ ಆರಿಸಿ, ಬ್ಲೇಡ್ ನಿಲ್ಲುವವರೆಗೆ ಕಾಯಬೇಕು. ಸ್ವಿಚ್ ಮೊಣಕಾಲಿಗೆ ಎಟುಕುತ್ತದೆಯೇ ಎಂದು ಪ್ರತಿಯೊಬ್ಬನೂ ನೋಡಿಕೊಂಡ. ಬ್ಲೇಡಿನ ಬಳಿಯ ಚೂರು ತೆಗೆಯಲು ಕೈ ಬೇಡ, ಅದೂ ನಿಂತ ಮೇಲೆ ಕೋಲಿನಿಂದ.

ಉಡುಪಿನ ಮಾತೂ ಇಲ್ಲಿಯೇ ಬಂತು. ಕೈಗವಸು ಬೇಡ, ಹಲ್ಲಿಗೆ ಸಿಕ್ಕಿದರೆ ಕೈಯನ್ನೂ ಒಳಗೆಳೆಯುತ್ತದೆ. ದುಪಟ್ಟಾ, ಸಡಿಲ ತೋಳು, ಕೈದಾರ, ಬಳೆ ಎಲ್ಲ ಬದಿಗೆ. ಇವೆಲ್ಲ ಹೇಳುತ್ತಿದ್ದಾಗಲೇ ಹದಿನೆಂಟೂ ಜನರ ಕೊರಳಲ್ಲಿ ಸಂಸ್ಥೆಯ ಗುರುತಿನ ಚೀಟಿಯ ಪಟ್ಟಿ ಜೋತಾಡುತ್ತಿತ್ತು. ಅದನ್ನು ಮೊದಲು ಗಮನಿಸಿದವಳು ಹಿಂದೆ ನಿಂತಿದ್ದ ಒಬ್ಬ ಹುಡುಗಿ.

ಪರೀಕ್ಷೆ

ಬಾಯಿಮಾತಿನ ಪ್ರಶ್ನೆಗಳೆಲ್ಲ ‘ಏಕೆ’ ಎಂಬುದರಿಂದಲೇ ಇದ್ದವು. ಹಿಂದಿನ ಹಲ್ಲಿಗೆ ಮರ ಏಕೆ ತಾಗಬಾರದು? ಬಾಗಿದ ಹಲಗೆಯನ್ನು ಏಕೆ ಸೀಳಬಾರದು? ಬ್ಲೇಡ್ ಬದಲಿಸಿದಾಗ ಬೆಣೆಯನ್ನು ಏಕೆ ಮತ್ತೆ ಪರೀಕ್ಷಿಸಬೇಕು? ಕೊನೆಯ ಪ್ರಶ್ನೆಗೆ ಹತ್ತಕ್ಕೂ ಹೆಚ್ಚು ಕೈಗಳು ಎದ್ದವು. ಕೈಯಾರೆ ತೂರಿಸಿ ನೋಡಿದ್ದನ್ನು ಮರೆಯುವುದು ಕಷ್ಟ.

ಕೊರತೆಗಳಿಲ್ಲವೆಂದಲ್ಲ. ವೇಗದ ಲೆಕ್ಕಕ್ಕೆ ಹತ್ತು ನಿಮಿಷ ಹೆಚ್ಚು ಹೋಯಿತು. ಚಕ್ರವನ್ನು ತಿರುಗಿಸಲು ಮುಂದಿನ ಸಾಲಿನ ನಾಲ್ವರಿಗಷ್ಟೇ ಅವಕಾಶ ಸಿಕ್ಕಿತು. ಬ್ಲೇಡಿನ ಎತ್ತರ ಹೊಂದಿಸುವುದನ್ನೂ, ಹರಿತ ಹೋದ ಬ್ಲೇಡಿನ ಅಪಾಯವನ್ನೂ ಯೋಜನೆಯಲ್ಲಿ ಬರೆದಿದ್ದರೂ ಮುಟ್ಟಲಾಗಲಿಲ್ಲ. ಇವನ್ನು ಹಿಮ್ಮಾಹಿತಿಯಲ್ಲಿ ಬರೆದಿದ್ದೇನೆ.

ಅವಲೋಕನಾ ಪತ್ರದ ಪ್ರಶ್ನೆ

ನಮ್ಮ ಅವಲೋಕನಾ ಪತ್ರದಲ್ಲಿ ‘ಯಂತ್ರ ನಡೆಸಿ ತೋರಿಸಿದ ಕೌಶಲ’ ಎಂಬ ಅಂಶಕ್ಕೆ ಹತ್ತು ಅಂಕ. ಯಂತ್ರವೇ ನಡೆಯಲಿಲ್ಲವಲ್ಲ, ಸೊನ್ನೆ ಕೊಡಬೇಕಾಗುತ್ತದೆ ಎಂದರು ಜೊತೆಗಿದ್ದ ಅವಲೋಕಕರು. ಅವರ ವಾದ ಹುರುಳಿಲ್ಲದ್ದಲ್ಲ. ನಡೆಸಲು ಬಾರದವನೂ ಸುರಕ್ಷತೆಯ ನೆಪ ಹೇಳಿ ತಪ್ಪಿಸಿಕೊಳ್ಳಬಹುದು. ವೃತ್ತಿ ಬೋಧಕನಿಗೆ ಯಂತ್ರ ನಡೆಸುವ ಕೈ ಇರಲೇಬೇಕು.

ನನ್ನ ಅಭಿಪ್ರಾಯ ಬೇರೆ. 1948ರ ಕಾರ್ಖಾನೆಗಳ ಕಾಯ್ದೆ ತನ್ನ 23ನೇ ಸೆಕ್ಷನ್ನಿನಲ್ಲಿ, ಅಪಾಯಕಾರಿ ಯಂತ್ರದಲ್ಲಿ ಕೆಲಸ ಮಾಡುವ ಎಳೆಯರಿಗೆ ಆ ಯಂತ್ರದ ಅಪಾಯಗಳನ್ನೂ ಪಾಲಿಸಬೇಕಾದ ಎಚ್ಚರಿಕೆಗಳನ್ನೂ ಪೂರ್ತಿಯಾಗಿ ತಿಳಿಸಿರಬೇಕು, ಜೊತೆಗೆ ಸಾಕಷ್ಟು ತರಬೇತಿಯನ್ನಾಗಲೀ ಬಲ್ಲವರ ಮೇಲ್ವಿಚಾರಣೆಯನ್ನಾಗಲೀ ಒದಗಿಸಿರಬೇಕು ಎಂದು ವಿಧಿಸಿತು. ಕಾರ್ಖಾನೆಗೆ ಕೇಳಿದ್ದನ್ನು ಕಲಿಸುವ ಜಾಗಕ್ಕೆ ಕೇಳದಿರಲು ಸಾಧ್ಯವೇ? ಹದಿನೇಳು ವರ್ಷದ ಹುಡುಗ ಇಂದು ಬೆಣೆಯಿಲ್ಲದ ಗರಗಸವನ್ನು ಗುರುಗಳೇ ನಡೆಸುವುದನ್ನು ನೋಡಿದರೆ, ನಾಳೆ ಫರ್ನಿಚರ್ ಅಂಗಡಿಯಲ್ಲಿ ಅದನ್ನೇ ಸರಿಯೆಂದು ಮಾಡುತ್ತಾನೆ. ಬಾಯಲ್ಲಿ ಹೇಳಿದ ಹತ್ತು ನಿಯಮಗಳನ್ನು ಕಣ್ಣಿಗೆ ಬಿದ್ದ ಒಂದು ಕೊಯ್ತ ಅಳಿಸಿಹಾಕುತ್ತದೆ.

ಕೊನೆಗೆ ಆ ಅಂಶವನ್ನು ಖಾಲಿ ಬಿಟ್ಟು, ಹೊಂದುವ ಬೆಣೆ ತರಿಸಿ ಗಾರ್ಡನ್ನೂ ಕೂರಿಸಿದ ಮೇಲೆ, ಮೂರನೇ ವಾರದಲ್ಲಿ ಅದೇ ತರಗತಿಗೆ ಅದೇ ಪ್ರಶಿಕ್ಷಣಾರ್ಥಿ ಮುಂದಿನ ಪಾಠ ಮಾಡಿದರು. ಆರು ಅಡಿಯ ಸಿಲ್ವರ್ ಓಕ್ ಹಲಗೆಯನ್ನು ಸೀಳಿ ತೋರಿಸಿದರು. ಅದರಲ್ಲಿ ಸಂದು ಒಳಕ್ಕೆ ಬಾಗಿ ಬೆಣೆಯನ್ನು ಕಚ್ಚಿ ಹಿಡಿದದ್ದನ್ನು, ಸ್ವಿಚ್ ಆರಿಸಿದ ಮೇಲೆ ಎಲ್ಲರೂ ಹತ್ತಿರ ಬಂದು ನೋಡಿದರು. ಹತ್ತಕ್ಕೆ ಎಂಟು ಅಂಕ ಕೊಟ್ಟೆವು.

ವಿಭಾಗದ ಸಭೆಯ ಮುಂದೆ ನಾನು ಇಟ್ಟಿರುವ ಸಲಹೆಗಳು ಮೂರು. ಯಂತ್ರದ ಪಾಠವಿರುವ ಪ್ರಶಿಕ್ಷಣಾರ್ಥಿ ಹಿಂದಿನ ದಿನ ಯಂತ್ರವನ್ನು ಪರೀಕ್ಷಿಸಿ, ತಪಾಸಣಾ ಪಟ್ಟಿಯನ್ನು ಪಾಠ ಯೋಜನೆಗೆ ಲಗತ್ತಿಸಬೇಕು. ಅವಲೋಕನಾ ಪತ್ರದಲ್ಲಿ ‘ಚಾಲೂ ಮಾಡುವ ಅಥವಾ ಮಾಡದಿರುವ ನಿರ್ಧಾರ ಮತ್ತು ಅದರ ಕಾರಣ’ ಎಂಬ ಅಂಶ ಸೇರಬೇಕು. ಯಂತ್ರ ನಡೆಸುವ ಕೌಶಲಕ್ಕೆ, ಯಂತ್ರ ಸರಿಯಿಲ್ಲದಿದ್ದಲ್ಲಿ, ಎರಡನೆಯ ಅವಕಾಶ ಸಿಗಬೇಕು. ಸಭೆ ಇನ್ನೂ ತೀರ್ಮಾನಿಸಿಲ್ಲ.

ಬರುವ ಸರದಿಯಲ್ಲಿ ಈ ಪಾಠ ಮಾಡುವವರು ಆ ಪ್ಲೈವುಡ್ ಚಕ್ರವನ್ನು ವಿಭಾಗದಿಂದ ಒಯ್ಯಬಹುದು. ಸ್ಪಂಜು ಹರಿದಿದೆ; ಹೊಸದು ತರಬೇಕು. ತರಗತಿಯ ಎಲ್ಲರಿಗೂ ಒಂದು ಸಲವಾದರೂ ಅದನ್ನು ತಿರುಗಿಸಲು ಕೊಡಿ.